ಹೋದವರ ಹಾಜರಿ

ರಾಚವ್ವ ಆ ಸಾಲನ್ನು ಎರಡು ಸಲ ಓದಿಸಿದಳು. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ನಿಲ್ಲಿಸಿ, "ಆಗೂದಿಲ್ಲ ಬೇ ಆನಂದಿ," ಎಂದಳು.

ಆನಂದೀಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ವಿಜಯಪುರದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ಆಕೆ. ಸಾವಿರಾರು ಹುಡುಗರ ಪ್ರಬಂಧಗಳಿಗೆ ಕೆಂಪು ಗೆರೆ ಎಳೆದ ಕೈ ಅದು. ಅಕ್ಷರ ಬಾರದ, ಎಂಬತ್ತು ದಾಟಿದ ಗಂಡನ ಅಕ್ಕ ತನ್ನ ಬರಹಕ್ಕೆ ಗೆರೆ ಎಳೆದಾಳೆಂದು ಆಕೆ ಎಣಿಸಿರಲಿಲ್ಲ.

"ಏನ ತಪ್ಪೈತಿ ಅಕ್ಕಾ ಇದರಾಗ?"

"ತಪ್ಪಿಲ್ಲ. ಅದಕ್ಕ ಆಗೂದಿಲ್ಲ ಅಂದೆ. ಇನ್ನೊಮ್ಮೆ ಹೇಳು, ಮಹಾದೇವಾ ಕೇಳಲಿ."

ಆನಂದೀಬಾಯಿ ಮತ್ತೆ ಓದಿದಳು: "ಮೂಕಜೀವಿಗಳ ವೈದ್ಯಶಿಖಾಮಣಿ, ಸದ್ಗುಣಗಳ ಗಣಿ, ನಮ್ಮ ಅಮೋಲ."

ರಾಚವ್ವನ ಮಗ ಮಹಾದೇವ ದ್ರಾಕ್ಷಿ ತೋಟದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಅಲ್ಲಿಂದಲೇ ಹೇಳಿದ, "ಫ್ಲೆಕ್ಸ್ ಮ್ಯಾಲ ಹಾಕಾಕ ಭಾಳ ಚೊಲೊ ಐತಿ ಅತ್ತಿ. ಪದಕ್ಕ ಹೊಂದೂದಿಲ್ಲ."

"ಶಾಲು ಹೊದಿಸಿ ಹಾರಾ ಹಾಕೂ ಮಾತಿವು," ಎಂದಳು ರಾಚವ್ವ. "ಮಾಸ್ತರ ಇದ್ದಿದ್ರ ಪೇಟಿ ಮುಚ್ಚಿ ಎದ್ದು ಹೋಗ್ತಿದ್ರು."

ಮಾಸ್ತರ ಎಂದರೆ ಮಲಕಾಜಪ್ಪ ಮಾಸ್ತರ. ಜೈನಾಪುರದವರು. ಸಾಲಿ ಕಲಿಸಲು ತಿಕೋಟಾಕ್ಕೆ ಬಂದು ಇದೇ ಮನೆಯ ಮುಂದಿನ ಖೋಲಿಯಲ್ಲಿ ಹತ್ತೊಂಬತ್ತು ವರ್ಷ ಇದ್ದರು. ಹಗಲೆಲ್ಲ ಮಗ್ಗಿ, ಸಂಜೆಯಾದರೆ ಹಾರ್ಮೋನಿಯಂ ಪೇಟಿ. ಬಬಲೇಶ್ವರದಿಂದ ತಿಕೋಟಾದವರೆಗೆ ಅವರ ಪದ ಗೊತ್ತಿಲ್ಲದ ಭಜನಿ ಮೇಳ ಇರಲಿಲ್ಲ. ಅವರು ಇಳಿಯುತ್ತಾರೆಂದರೆ ಬಸ್ಸಿನ ಡ್ರೈವರ್ ಮೇಲೆ ಹತ್ತಿ ಪೇಟಿಯನ್ನು ತಾನೇ ಹುಷಾರಾಗಿ ಇಳಿಸಿ ಕೊಡುತ್ತಿದ್ದನಂತೆ. ಅಂಥ ಮಾಸ್ತರರ ಹೆಂಡತಿ ನೀಲವ್ವ ತೀರಿಕೊಂಡಾಗ ಅವರು ಹದಿಮೂರು ದಿನ ಪೇಟಿ ಮುಟ್ಟಲಿಲ್ಲ. ಹದಿನಾಲ್ಕನೆಯ ದಿನ ಕಟ್ಟೆಯ ಮೇಲೆ ಕೂತು ಒಂದೇ ಸಾಲು ಹಾಡಿದರು: "ಸಾಕಂದವರ ತಾಟಿಗಿ ಮತ್ತೊಂದು ರೊಟ್ಟಿ ಇಟ್ಟಾಕಿ, ನೀಲವ್ವ." ಕೇಳುತ್ತಿದ್ದ ಹೆಂಗಸರಲ್ಲಿ ಯಾರೋ ತಡೆಯಲಾರದೆ, "ಅದಾಳ್ರಿ, ಅದಾಳ," ಎಂದರು.

ಇದು ಯಾವ ಪದ ಎಂದು ಕೇಳಿದವರಿಗೆ ಮಾಸ್ತರರು, "ಪದಾ ಅಲ್ರಿ, ಹಾಜರಿ. ಸಾಲ್ಯಾಗ ಹುಡುಗೂರ್ನ ಕರೀತೀನಲ್ಲ, ಹಂಗ ಹ್ವಾದವರ್ನ ಕರಿಯೂದು," ಎಂದಿದ್ದರು.

ಅಂದಿನಿಂದ ಆ ಮನೆಯಲ್ಲಿ ಯಾರು ತೀರಿಕೊಂಡರೂ ಹಾಜರಿಗೆ ಒಂದು ಸಾಲು ಸೇರುತ್ತಿತ್ತು. ಪ್ರತಿ ಸಾಲಿಗೂ ಕೂತವರೆಲ್ಲ "ಅದಾನ" ಎಂದೋ "ಅದಾಳ" ಎಂದೋ, ಇದ್ದಾರೆ ಎಂಬಂತೆ, ದನಿ ಕೊಡಬೇಕು. ಮಾಸ್ತರರು ಸತ್ತು ಇಪ್ಪತ್ತೆರಡು ವರ್ಷವಾದರೂ ಅವರು ಹಾಕಿಕೊಟ್ಟ ರೀತಿ ಬದಲಾಗಿರಲಿಲ್ಲ. ಸಾಲಿನಲ್ಲಿ ಹೊಗಳಿಕೆ ಇರಕೂಡದು. ಸತ್ತವರ ಕೈ ಏನು ಮಾಡುತ್ತಿತ್ತೋ ಅಷ್ಟನ್ನು ಹೇಳಬೇಕು. ಸಾಲು ಕಟ್ಟಿದವರೇ ಮೊದಲ ಸಲ ಹಾಡಬೇಕು. ಮತ್ತು ಅದು ವರ್ಷದ ಪೂಜೆಯ ದಿನದೊಳಗೆ ಸೇರಬೇಕು. ದಾಟಿದರೆ ಆ ಹೆಸರು ಹಾಜರಿಯಲ್ಲಿ ಇಲ್ಲ. "ವರ್ಷ ಕಳೀತಂದ್ರ ನೆನಪೆಲ್ಲ ಹೊಗಳಿಕಿ ಆಗತೈತಿ" ಎಂದು ಮಾಸ್ತರರು ಹೇಳಿದ್ದರಂತೆ.

ರಾಚವ್ವ ತಮ್ಮಂದಿರೆಲ್ಲ ನೌಕರಿಗೆ ಹೋದ ಮೇಲೆ ತವರಿನಲ್ಲೇ ನಿಂತು ಹೊಲಮನೆ ನೋಡಿಕೊಂಡವಳು. ಹಾಜರಿಯನ್ನು ಬಾಯಲ್ಲಿ ಇಟ್ಟುಕೊಂಡವಳೂ ಅವಳೇ. ಎಂಟು ವರ್ಷದ ಹಿಂದೆ ಅವಳ ತಮ್ಮ, ಎಂದರೆ ಆನಂದೀಬಾಯಿಯ ಗಂಡ ಶಿವಾನಂದ ತೀರಿಕೊಂಡಾಗ ಸಾಲು ಕಟ್ಟಿದ್ದು ಅವರ ಮಗ ಅಮೋಲ. ಯೋಚಿಸಲು ಕೂಡ ಕೂತಿರಲಿಲ್ಲ ಅವನು. "ಬಸ್ಸಿನ ಬಾಗಲದಾಗ ನಿಂತು ಹಿಂದಿನವರ್ನ ಹತ್ತಿಸಿದಾಂವ, ಶಿವಾನಂದ." ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸಿದ ಮನುಷ್ಯನಿಗೆ ಇಷ್ಟೇ ಏನು ಎಂದು ಆನಂದೀಬಾಯಿಗೆ ಆಗ ಸಿಟ್ಟು ಬಂದಿತ್ತು.

ಈಗ ಅಮೋಲನೇ ಇಲ್ಲ. ಹೋದ ಕಾರ್ತೀಕದಲ್ಲಿ ಎಂಟು ದಿನದ ಜ್ವರ ಅವನನ್ನು ಒಯ್ದಿತು. ಮೂವತ್ತೊಂಬತ್ತು ವರ್ಷ. ಮಕ್ಕಳಿರಲಿಲ್ಲ. ವರ್ಷದ ಪೂಜೆಗೆ ಇನ್ನು ಹನ್ನೊಂದು ದಿನ ಉಳಿದಿದ್ದವು.

"ನೀನು ಹಡದಾಕಿ," ಎಂದಳು ರಾಚವ್ವ, ಆನಂದೀಬಾಯಿಯ ಮುಂಗೈ ಹಿಡಿದು. "ನಿನಗ ಸಿಗದ ಇನ್ಯಾರಿಗಿ ಸಿಕ್ಕೀತು? ಅವನ ಕೈ ಏನ ಮಾಡ್ತಿತ್ತು, ನೆನಸು."

ವಿಜಯಪುರದ ಇಬ್ರಾಹಿಂಪುರದಲ್ಲಿದ್ದ ತನ್ನ ಮನೆಗೆ ಬಂದು ಆನಂದೀಬಾಯಿ ನೆನೆಸುತ್ತ ಕೂತಳು. ಬಾಲವಾಡಿಗೆ ಹೋಗುವಾಗಿನ ಅಮೋಲನ ಕೈ ನೆನಪಿತ್ತು. ಹತ್ತನೆಯ ಇಯತ್ತೆಯಲ್ಲಿ ಶಾಯಿ ಮೆತ್ತಿಕೊಂಡ ಬೆರಳು ನೆನಪಿದ್ದವು. ಅದರ ಮುಂದೆ ಏನೂ ಸಿಗಲಿಲ್ಲ.

ಸಿಗದಿರಲು ಕಾರಣ ಆಕೆಗೆ ಗೊತ್ತಿತ್ತು. ಮಗ ಡಾಕ್ಟರ ಆಗಬೇಕೆಂದಿದ್ದಳು. ಅವನು ಎರಡು ಸಲ ಪರೀಕ್ಷೆ ಬರೆದು, ಆಗದೆ, ಪಶುಸಂಗೋಪನೆಯ ಡಿಪ್ಲೊಮಾ ಮಾಡಿ ಬಬಲೇಶ್ವರದ ದನದ ದವಾಖಾನೆಯಲ್ಲಿ ಪಶುವೈದ್ಯಕೀಯ ಪರೀಕ್ಷಕನಾದ. ನೆರೆಹೊರೆಯವರಿಗೆ ಆಕೆ "ಡಾಕ್ಟರಕಿ ಮಾಡ್ತಾನ" ಎಂದಷ್ಟೇ ಹೇಳುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಮನೆಗೆ ಬರುತ್ತಲೇ ಎಮ್ಮೆ ಈದ ಸಂಗತಿ, ಟಗರು ಗುದ್ದಿದ ಸಂಗತಿ ಹೇಳಲು ಬಾಯಿ ತೆರೆಯುತ್ತಿದ್ದ. "ಮೊದಲ ಬಚ್ಚಲಕ್ಕ ಹೋಗು. ಕೊಟಗಿ ವಾಸನಿ ಬರಾಕತ್ತೈತಿ. ಉಣ್ಣೂ ಹೊತ್ತಿನ್ಯಾಗ ಸಗಣಿ ಮಾತು ಬ್ಯಾಡಪಾ," ಎನ್ನುತ್ತಿದ್ದಳು. ನಾಲ್ಕಾರು ಸಲ ಹಾಗಾದ ಮೇಲೆ ಅವನು ಹೇಳುವುದನ್ನು ಬಿಟ್ಟ. ಹದಿಮೂರು ವರ್ಷ ಆ ಕೈಗಳು ಏನು ಮಾಡಿದವೆಂದು ಆಕೆ ಕೇಳಿರಲಿಲ್ಲ.

ಸೊಸೆ ಸ್ನೇಹಲ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ವರ್ಷದಿಂದ ಅತ್ತೆಸೊಸೆಯರ ನಡುವೆ ಊಟ, ನೀರು, ಗುಳಿಗೆ ಇಷ್ಟರ ಮಾತೇ ಇತ್ತು. ಜಗಳವೇನಿಲ್ಲ. ರೈಲು ಹೋಗುವಾಗ ಮಾತು ನಿಲ್ಲಿಸಿದವರು ರೈಲು ಹೋದ ಮೇಲೂ ಮುಂದುವರಿಸದೆ ಬಿಟ್ಟಂತೆ ಇತ್ತು, ಅಷ್ಟೇ. ಆ ಸಂಜೆ ಆನಂದೀಬಾಯಿ ಕೇಳಿದಳು.

"ಸ್ನೇಹಲ, ಹಾಜರಿಗಿ ಒಂದು ಸಾಲು ಬೇಕು. ನಿನಗೇನರೆ ಹೊಳೀತೈತೇನವಾ?"

ಸ್ನೇಹಲ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೊಳೀತೈತ್ರಿ."

"ಮತ್ತ ಹೇಳಲಾ."

"ಹೇಳೂದಿಲ್ರಿ ಅತ್ತಿ."

"ಯಾಕ?"

"ಅವರು ಹೇಳಾಕ ಬಂದಾಗ ನೀವು ಕೇಳಲಿಲ್ಲಲ್ರಿ. ಈಗ ನಾ ಹೇಳಿ ನೀವು ಬರಕೊಂಡ್ರ ಅದು ನನ್ನ ಸಾಲು ಆಗತೈತಿ." ದಂಟನ್ನೆಲ್ಲ ಒಂದು ಕಡೆ ಸರಿಸಿ ಅವಳು ಎದ್ದಳು. ಬಾಗಿಲಲ್ಲಿ ನಿಂತು, ತುಸು ಮೆತ್ತಗೆ, "ಬಬಲೇಶ್ವರದ ಬಸ್ಸು ಮುಂಜಾನಿ ಎಂಟಕ್ಕ ಖಾಲಿ ಇರತೈತ್ರಿ. ಕುಂಡ್ರಾಕ ಜಾಗಾ ಸಿಗತೈತಿ," ಎಂದಳು.

ಹದಿಮೂರು ವರ್ಷ ಮಗ ದಿನವೂ ಹೋಗಿಬಂದ ದಾರಿಯಲ್ಲಿ ಆನಂದೀಬಾಯಿ ಮೊದಲ ಸಲ ಹೋದಳು. ದನದ ದವಾಖಾನೆಯ ಅಂಗಳದಲ್ಲಿ ಒಂದು ಬೇವಿನ ಮರ, ಅದರಡಿ ದನ ನಿಲ್ಲಿಸುವ ಕಬ್ಬಿಣದ ಕಟಾಂಜನ. ಒಳಗಿನಿಂದ ಬಂದ ನಡುವಯಸ್ಸಿನ ಮನುಷ್ಯ ಆಕೆಯನ್ನು ನೋಡುತ್ತಲೇ ನಿಂತುಬಿಟ್ಟ. ಅವನು ರಿಯಾಜ, ಅಲ್ಲಿಯ ಸಹಾಯಕ. ಮಣ್ಣು ಕೊಡುವ ದಿನ ಬಂದು ಗೇಟಿನ ಹೊರಗೇ ನಿಂತು ಹೋದವನು. ಒಂದೇ ಇದ್ದ ಸ್ಟೂಲನ್ನು ತನ್ನ ಟವೆಲಿನಿಂದ ಎರಡು ಸಲ ಒರೆಸಿ ನೆರಳಿಗೆ ಇಟ್ಟ.

ಆಕೆ ಬಂದ ಕಾರಣ ಹೇಳಿದಳು. ರಿಯಾಜ ಎದುರಿಗೆ ನೆಲದ ಮೇಲೆ ಕೂತ.

"ಅಮ್ಮಾರ, ನಾ ಬಾಜೂಕ ನಿಂತು ದಿನಾ ನೋಡೇನಿ. ದಿನಾ ನೋಡಿದ್ದು ಹೇಳಾಕ ಬರೂದಿಲ್ಲ ನೋಡ್ರಿ. ಮಮದಾಪುರಕ್ಕ ಹೋಗ್ರಿ. ಅಲ್ಲಿ ಕೆರಿ ದಂಡಿಗಿ ಲಕ್ಷ್ಮಿ ಅಂತ ಅದಾಳ, ಎಮ್ಮಿ-ಕುರಿ ಮಾಡ್ಕೊಂಡಾಳ. ಸಾಹೇಬ್ರು ಅಕಿ ಮನಿಗಿ ಭಾಳ ಹೋಗ್ತಿದ್ರು." ಆಮೇಲೆ ಟವೆಲನ್ನು ಹಿಂಡುತ್ತ ಹೇಳಿದ, "ಒಂದು ಮಾತರಿ. ಅಕಿಗಿ ನಾ ಖರೇ ಹೇಳಿಲ್ರಿ. ಸಾಹೇಬ್ರಿಗಿ ಇಂಡಿಗಿ ವರ್ಗಾ ಆಗೈತಿ ಅಂತ ಹೇಳೇನಿ. ಬಾಯಿ ಬರಲಿಲ್ರಿ ಅಮ್ಮಾ. ಇವತ್ತ ಹೇಳೂಣು, ನಾಳೆ ಹೇಳೂಣು ಅನ್ಕೋತ ವರ್ಷಾತು."

ಲಕ್ಷ್ಮಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಐವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಯಾರೆಂದು ಕೇಳಿ ತಿಳಿದದ್ದೇ ಕೈಯಲ್ಲಿದ್ದ ಸಗಣಿ ಬುಟ್ಟಿ ಕೆಳಗಿಟ್ಟಳು.

"ಅಯ್ಯ ಯವ್ವಾ, ಸಾಹೇಬ್ರ ತಾಯಾರೇನ್ರಿ? ಬರ್ರಿ, ಬರ್ರಿ! ಕಂಬಳಿ ಮ್ಯಾಲ ಕುಂಡ್ರಿ. ಏನ ಮಗನ್ನ ಹಡದೀರಿ! ಇಂಡಿಗಿ ಹೋಗಿದ್ದ ತಡಾ ನಮ್ಮನ್ನ ಮರತ ಬಿಟ್ರಲ್ರಿ. ಆರಾಮ ಅದಾರಿಲ್ಲೋ?"

ಆನಂದೀಬಾಯಿಯ ಬಾಯಲ್ಲಿ ಮಾತು ಸಿದ್ಧವಿತ್ತು. ಬದಲು ಬಂದದ್ದು ಬೇರೆ.

"ಅಂವಾ ಇಲ್ಲಿ ಏನ ಮಾಡ್ತಿದ್ದ ಹೇಳ್ರಿ. ನನಗ ಗೊತ್ತಿಲ್ಲ."

"ಏನ ಹೇಳಲ್ರಿ! ಮೊದಲನೇ ಸಲ ಬಂದಾಗ ಪುಷ್ಯ ಮಾಸದ ಥಂಡಿ. ನಮ್ಮ ಎಮ್ಮಿಗಿ ಕರಾ ಅಡ್ಡ ಸಿಕ್ಕೊಂಡಿತ್ತು. ನಾವೆಲ್ಲ ಹೊಯ್ಕೋಳಾಕತ್ತೇವಿ, ಇವರು ಬಂದವರ ಸೀದಾ ಒಲಿ ಮುಂದ ಕುಂತರು. ಕೈ ಕಾಸ್ಕೋಳಾಕ ಹತ್ತಿದ್ರು. ನನಗ ಎಲ್ಲಿಲ್ಲದ ಸಿಟ್ಟು ಬಂತು. ಎಮ್ಮಿ ಸಾಯಾಕತ್ತೈತಿ, ಇವರಿಗಿ ಥಂಡಿ ಬಿಟ್ಟಿದ್ದಾತೇನು ಅಂತ ಬೈದ ಬಿಟ್ಟೆ. ಅದಕ್ಕ ಅಂದ್ರು, 'ಯಕ್ಕಾ, ನನಗಲ್ಲ. ಅದು ಮೊದಲ ಅಂಜೈತಿ. ತಣ್ಣಾನ ಕೈ ಇಟ್ಟರ ಮತ್ತಷ್ಟು ಬೆಚ್ಚಿ ಬೀಳತೈತಿ.'" ಲಕ್ಷ್ಮಿ ತನ್ನ ಎರಡೂ ಅಂಗೈಗಳನ್ನು ಉಜ್ಜಿ, ಗಾಳಿಯಲ್ಲಿ ಇಲ್ಲದ ಎಮ್ಮೆಯ ಹೊಟ್ಟೆಯ ಮೇಲೆ ಇಟ್ಟು ತೋರಿಸಿದಳು. "ಹಿಂಗ. ಕುರಿಮರಿ ಇರಲಿ, ನಾಯಿ ಇರಲಿ, ಕೈ ಕಾಸ್ಕೊಳ್ಳದ ಮುಟ್ಟತಿರಲಿಲ್ಲ. ಬ್ಯಾಸಗ್ಯಾಗ ಸೈತ ಉಜ್ಜತಿದ್ರು. ನನ್ನ ಗಂಡನ ಕೈಯೂ ನನಗ ಇಷ್ಟ ಬೆಚ್ಚಗ ತಾಕಿಲ್ಲ ಬಿಡ್ರಿ ಅಂತ ನಾ ನಗಿಚಾಟಕಿ ಮಾಡ್ತಿದ್ದೆ. ನಾಚಿ ಕೆಂಪಗಾಗತಿದ್ರು."

ನಕ್ಕು ನಕ್ಕು ಲಕ್ಷ್ಮಿ ಕಣ್ಣೊರೆಸಿಕೊಂಡಳು. ಆನಂದೀಬಾಯಿಯೂ ನಗುವಂತೆ ಮುಖ ಮಾಡಿದಳು. ಹೊರಡುವಾಗ ಲಕ್ಷ್ಮಿ ಆಕೆಯ ಚೀಲಕ್ಕೆ ಗಿಣ್ಣದ ಡಬ್ಬಿ ಇಟ್ಟಳು. "ಸಾಹೇಬ್ರಿಗಿ ಕೊಡ್ರಿ. ಆವತ್ತ ಉಳಿಸಿದ ಕರಾ ಈಗ ತಾನ ಈದೈತಿ ಅಂತ ಹೇಳ್ರಿ."

"ಹೇಳ್ತೀನಿ," ಎಂದಳು ಆನಂದೀಬಾಯಿ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸಾಲು ಸಿಕ್ಕಿತ್ತು. ಆದರೆ ಜಗತ್ತಿನಲ್ಲಿ ಒಂದು ಮನೆ ಹಾಗೆ ಉಳಿದಿತ್ತು, ಅಲ್ಲಿ ಅಮೋಲ ಇಂಡಿಯಲ್ಲಿ ಆರಾಮ ಇದ್ದ, ಗಿಣ್ಣ ಉಣ್ಣುವವನಿದ್ದ. ಹಾಜರಿಯಲ್ಲಿ ಹೆಸರು ಹಾಡಿದ ಮೇಲೆ ಆ ಮನೆಯ ಸುಳ್ಳನ್ನು ಹಾಗೆಯೇ ಇಟ್ಟುಕೊಳ್ಳಲು ತನಗೆ ಬಾಯಿ ಉಳಿಯುವುದಿಲ್ಲ ಎಂದು ಆಕೆಗೆ ಅನಿಸಿತು. ಹಾಡದಿದ್ದರೆ? ಸಾಲು ಸಿಗಲಿಲ್ಲವೆಂದರೆ ಯಾರೂ ಜುಲುಮೆ ಮಾಡುವುದಿಲ್ಲ. ಅವನು ಇಂಡಿಯಲ್ಲಿ ಇದ್ದುಬಿಡುತ್ತಾನೆ.

ಗಿಣ್ಣವನ್ನು ಅಡುಗೆಮನೆಯಲ್ಲಿ ನೋಡಿದ ಸ್ನೇಹಲ ಎಲ್ಲಿಂದ ಎಂದು ಕೇಳಲಿಲ್ಲ. ಎರಡು ಬಟ್ಟಲಿಗೆ ಹಾಕಿ ಒಂದನ್ನು ಅತ್ತೆಯ ಮುಂದೆ ಇಟ್ಟಳು. ಒಂದೊಂದು ಚಮಚೆ ತಿಂದು ಇಬ್ಬರೂ ಬಟ್ಟಲು ಸರಿಸಿದರು.

ವರ್ಷದ ಪೂಜೆಯ ದಿನ ತಿಕೋಟಾದ ಮನೆಯಲ್ಲಿ ಹತ್ತು ಗಂಟೆಗೆಲ್ಲ ಜನ ಕೂತರು. ಮಹಾದೇವ ಪೇಟಿ ಹಿಡಿದ. ರಾಚವ್ವನಿಗೆ ಎತ್ತರದ ದನಿ ಹೋಗಿತ್ತು. ಅವಳು ಮಾತಾಡಿದಂತೆ ಹಾಡುತ್ತಿದ್ದಳು. ನೀಲವ್ವನ ಸಾಲು ಬಂತು, "ಅದಾಳ" ಎಂದು ಮನೆ ತುಂಬ ದನಿ ಎದ್ದಿತು. ಮಲಕಾಜಪ್ಪ ಮಾಸ್ತರರ ಸಾಲು ಬಂತು, ಅದನ್ನು ಕಟ್ಟಿದ್ದು ರಾಚವ್ವನೇ: "ಹೊಡಿಯಾಕ ಎತ್ತಿದ ಬಡಿಗಿಲೆ ಹುಡುಗೂರ ಬೆನ್ನು ತುರಿಸಿದಾಂವ, ಮಲಕಾಜಪ್ಪ." ಅದಕ್ಕೆ ಯಾವಾಗಲೂ ಜನ ನಗುತ್ತಿದ್ದರು, ಇವತ್ತೂ ಸ್ವಲ್ಪ ನಕ್ಕರು. "ಅದಾನ." ಒಂದೊಂದೇ ಹೆಸರು ದಾಟಿ ಶಿವಾನಂದನ ಸಾಲು ಮುಗಿಯಿತು. ಮಹಾದೇವ ಪೇಟಿಯ ಮೇಲೆ ಒಂದೇ ಸ್ವರ ಹಿಡಿದು ಆನಂದೀಬಾಯಿಯ ಕಡೆ ನೋಡಿದ.

ಆಕೆ ಕೈಯಲ್ಲಿದ್ದ ಚೀಟಿಯನ್ನು ಮಡಿಚಿದಳು.

ಮಹಾದೇವ ಸ್ವರ ಬಿಡಲಿಲ್ಲ. ಪೇಟಿಯ ತಿದಿಯ ಗಾಳಿ ಉಸಿರಿನಂತೆ ಬಂದು ಹೋಗುತ್ತಿತ್ತು. ಯಾರೋ ಕೆಮ್ಮಿದರು. "ಆನಂದಿ," ಎಂದಳು ರಾಚವ್ವ, ಬೈಯುವ ದನಿಯಲ್ಲಲ್ಲ. "ಅವಾ ಬಾಗಲದಾಗ ನಿಂತಾನ. ಒಳಗ ಕರಿ."

ಆನಂದೀಬಾಯಿ ಹಾಡುವವಳಲ್ಲ. ತರಗತಿಯಲ್ಲಿ ಪದ್ಯವನ್ನು ಕೂಡ ಓದಿಯೇ ಹೇಳಿದವಳು. ದನಿ ಒಡೆದು ಬಂತು.

"ಕೈ ಕಾಸಿಕೊಂಡು..."

ಅಲ್ಲಿಗೆ ನಿಂತಿತು. ಇನ್ನೊಮ್ಮೆ ಎತ್ತಿದಳು, ಮತ್ತೆ ಅಲ್ಲಿಗೇ ನಿಂತಿತು. ಆಗ ಗೋಡೆಗೆ ಒರಗಿ ಕೂತಿದ್ದ ಸ್ನೇಹಲ, ಯಾರೂ ಕೇಳಿಕೊಳ್ಳದಿದ್ದರೂ, ಉಳಿದರ್ಧ ಎತ್ತಿಕೊಂಡಳು.

"...ಅಂಜಿದ ಜೀವಾ ಮುಟ್ಟಿದಾಂವ, ಅಮೋಲ."

ಆನಂದೀಬಾಯಿ ತಿರುಗಿ ನೋಡಿದಳು. ಆಕೆ ಬರೆದುಕೊಂಡು ಬಂದದ್ದು 'ಎಮ್ಮಿ ಮೈ ಮುಟ್ಟಿದಾಂವ' ಎಂದು. ಸ್ನೇಹಲಳದು ಬೇರೆ ಇತ್ತು, ಆದರೆ ಅದೇ ಸಾಲಾಗಿತ್ತು. ರಾಚವ್ವ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. "ಅದಾನ," ಎಂದರು ಎಲ್ಲರೂ. ಗಂಡಸರ ದನಿ, ಹೆಂಗಸರ ದನಿ, ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದವರ ದನಿ. ಆನಂದೀಬಾಯಿಗೆ ಮಾತ್ರ ಆ ಒಂದು ಪದ ಹೇಳಲಾಗಲಿಲ್ಲ. ಎಲ್ಲರೂ ಹೇಳಿದ್ದರಿಂದಲೇ ಅವನು ಇಲ್ಲವೆಂಬುದು ಆಕೆಗೆ ಅವತ್ತು ಪೂರ್ತಿ ತಿಳಿಯಿತು.

ಮರುದಿನ ಮುಂಜಾನೆ ಆಕೆ ಸೀರೆ ಉಟ್ಟು ಚೀಲ ಹಿಡಿದಾಗ ಸ್ನೇಹಲ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದಳು.

"ಮಮದಾಪುರಕ್ಕೇನ್ರಿ?"

"ಹೂಂ. ಅಕಿಗಿ ಖರೇ ಹೇಳಬೇಕು. ಇನ್ನ ಸುಳ್ಳು ಇಟ್ಟಕೊಳ್ಳಾಕ ಆಗೂದಿಲ್ಲ."

"ನಾನೂ ಬರ್ತೀನ್ರಿ."

ಬಸ್ಸು ಬಬಲೇಶ್ವರ ದಾಟಿತು. ಆಮೇಲೆ ಸ್ನೇಹಲ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು, "ಹಿಂದಕ ನಿಮಗ ಥಂಡಿ ಜ್ವರಾ ಬಂದಿತ್ತಲ್ರಿ, ನಾ ಮದುವಿ ಆಗಿ ಬಂದ ವರ್ಷ?"

"ಬಂದಿತ್ತು."

"ಅವರು ತಾಸಿಗೊಮ್ಮೆ ನಿಮ್ಮ ಹಣಿ ಮುಟ್ಟಿ ನೋಡ್ತಿದ್ರು. ಮುಟ್ಟೂಕಿಂತ ಮೊದಲ ಅಡಗಿಮನಿಗಿ ಬಂದು ಚಾದ ಪಾತೇಲಿಗಿ ಕೈ ಹಚ್ಚಿ ಕಾಸ್ಕೊಂಡು ಹೋಗತಿದ್ರು. ನಾ ಅದನ್ನ ನೋಡೇ ಅವರನ್ನ... ನೀವು ಕಣ್ಣು ಮುಚ್ಚಕೊಂಡಿರತಿದ್ರಿ. ನಿಮಗ ಗೊತ್ತಾಗಲಿಲ್ಲ."

ಆನಂದೀಬಾಯಿ ಮುಂದಿನ ಸೀಟಿನ ಸರಳನ್ನು ಹಿಡಿದುಕೊಂಡಳು. ಕಂಡಕ್ಟರ್ ಟಿಕೇಟು ಕೇಳಲು ಬಂದವನು ಆಕೆಯ ಮುಖ ನೋಡಿ ಹಿಂದಿನವರ ಕಡೆ ಹೋದ.

ಲಕ್ಷ್ಮಿ ಅಂಗಳದಲ್ಲಿ ಎಮ್ಮೆಗೆ ಹಗ್ಗ ಕಟ್ಟುತ್ತಿದ್ದಳು. "ಬಂದ್ರೇನ್ರಿ ಯವ್ವಾ! ಗಿಣ್ಣಾ ಉಂಡ್ರಿಲ್ಲೋ ಸಾಹೇಬ್ರು?" ಎಂದವಳು ಹಿಂದೆ ನಿಂತ ಸ್ನೇಹಲಳನ್ನು ನೋಡಿದಳು. "ಇವರ್ಯಾರ್ರಿ?"

"ಅವನ ಹೆಂಡತಿ."

ಲಕ್ಷ್ಮಿಯ ಕಣ್ಣು ಸ್ನೇಹಲಳ ಬರಿಗೊರಳಿನ ಮೇಲೆ ನಿಂತಿತು. ಹಗ್ಗ ಅವಳ ಕೈಯಿಂದ ಜಾರಿತು. ಎಮ್ಮೆ ಎರಡು ಹೆಜ್ಜೆ ಆಚೆ ಹೋಯಿತು, ಯಾರೂ ತಡೆಯಲಿಲ್ಲ.

"ಯಾವಾಗ್ರಿ?"

"ಹ್ವಾದ ಕಾರ್ತೀಕದಾಗ. ನಿನ್ನೆ ವರ್ಷಾತು."

"ಮೊನ್ನೆ ಬಂದಾಗ ಯಾಕ ಹೇಳಲಿಲ್ರಿ ನನಗ?" ಅವಳ ದನಿ ಏರಿತು. "ನಗಿಸಿದೆನಲ್ರಿ ನಿಮ್ಮನ್ನ! ಸತ್ತ ಮಗನ ಮಾತಾಡಿ ತಾಯಿನ್ನ ನಗಿಸಿದೆನಲ್ರಿ!"

"ನಿಮ್ಮ ಮನ್ಯಾಗ ಇನ್ನೂ ಇದ್ದ," ಎಂದಳು ಆನಂದೀಬಾಯಿ. "ಇನ್ನೊಂದೀಟು ದಿನ ಇರಲಿ ಅನಿಸ್ತು."

ಲಕ್ಷ್ಮಿ ಅಲ್ಲೇ ನೆಲಕ್ಕೆ ಕೂತಳು. ಸೆರಗನ್ನು ಬಾಯಿಗೆ ಹಿಡಿದು, ತೆಗೆದು, ಆ ಕಡೆಯ ಹೆಂಗಸರು ಅಳುವಂತೆ ಹಾಡಿಕೊಂಡು ಅಳತೊಡಗಿದಳು. ಅದಕ್ಕೆ ಪೇಟಿಯಿಲ್ಲ, ತಾಳವಿಲ್ಲ, ಒಂದು ಸಾಲಿನ ಕಟ್ಟಳೆಯೂ ಇಲ್ಲ. ಅದರಲ್ಲಿ ಕಾಲು ಮುರಿದ ಟಗರು ಬಂತು, ಮಳೆಯಲ್ಲಿ ನಡೆದು ಬಂದ ಮೂರು ಹರದಾರಿ ಬಂತು, ಅರ್ಧ ರೊಟ್ಟಿ ತಿಂದು ಅರ್ಧ ನಾಯಿಗೆ ಹಾಕಿದ್ದು ಬಂತು. ಆನಂದೀಬಾಯಿಗೆ ಗೊತ್ತಿಲ್ಲದ ಹದಿಮೂರು ವರ್ಷ ಅಂಗಳದ ತುಂಬ ಬರುತ್ತಿತ್ತು. ಆಕೆ ಸೀರೆಗೆ ಸಗಣಿ ಹತ್ತುವುದನ್ನು ನೋಡದೆ ಲಕ್ಷ್ಮಿಯ ಎದುರು ಕೂತಳು. ಸ್ನೇಹಲ ಅತ್ತೆಯ ಮಗ್ಗುಲಿಗೆ ಸರಿದು ಕೂತಳು. ಇಬ್ಬರೂ ಏನೂ ತಪ್ಪಿಹೋಗದ ಹಾಗೆ, ಕೇಳುತ್ತ ಕೂತರು.